ತಂಗಿಯ ಕೊರಳೂ ನನ್ನ ದಾರವೂ

ಮನೆಯಲ್ಲಿ ಒಬ್ಬರಾದರೂ ಕ್ರಮವಾಗಿ ಬದುಕಬೇಕು. ಆದವಾನಿಯ ನಮ್ಮ ಮನೆಯಲ್ಲಿ ಆ ಒಬ್ಬ ನಾನು. ಅಪ್ಪ ಹತ್ತಿ ದಲಾಲಿ; ಅವರ ಲೆಕ್ಕವೆಲ್ಲ ತಲೆಯಲ್ಲಿ. ಅವ್ವನ ಲೆಕ್ಕ ಬೆರಳಿನ ಗೆರೆಗಳಲ್ಲಿ. ನನ್ನ ಹೆಂಡತಿ ಗಂಗಮ್ಮನ ಲೆಕ್ಕ ನಾಲಿಗೆಯ ತುದಿಯಲ್ಲಿ. ದಿನಚರಿ ಬರೆಯುವವನು ನಾನೊಬ್ಬನೇ. ಎದ್ದ ಹೊತ್ತು, ಉಂಡ ರೊಟ್ಟಿ, ಬಂದ ಸೀನು, ಎಲ್ಲಕ್ಕೂ ನನ್ನಲ್ಲಿ ತಾರೀಖು ಉಂಟು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಈ ಚಟ ಇನ್ನೂ ಬಲಿಯಿತು. ಹಗಲೆಲ್ಲ ಹತ್ತಿಯ ಅಂಡಿಗೆಗಳನ್ನು ತೂಗಿಸಿ ಬರೆಯುತ್ತಿದ್ದೆ. ಸಂಜೆ ಮನೆಗೆ ಬಂದು ಮನೆಯವರನ್ನು ನೋಡಿ ಬರೆಯುತ್ತಿದ್ದೆ.

ಇಂಥವನ ಕೈಗೆ ಆರೋಗ್ಯದ ಮಾಸಪತ್ರಿಕೆ ಸಿಗಬಾರದು. ಸಿಕ್ಕಿತು!

ಸಂಕ್ರಾಂತಿ ಕಳೆದ ಮೇಲೆ ಜಿನ್ನಿನ ಮ್ಯಾನೇಜರರ ಮೇಜಿನ ಮೇಲಿದ್ದ ಆ ಪತ್ರಿಕೆಯನ್ನು ಕೇಳಿ ತಂದೆ. ಅದರಲ್ಲಿ ಕೊರಳಿನ ಥೈರಾಯ್ಡ್ ಎಂಬ ಗ್ರಂಥಿಯ ಬಗ್ಗೆ ಉದ್ದನೆಯ ಲೇಖನವಿತ್ತು. ಅದು ಕೆಟ್ಟರೆ ಮನುಷ್ಯ ಜಡನಾಗುತ್ತಾನೆ, ಸಿಡುಕನಾಗುತ್ತಾನೆ, ಕೊರಳು ಉಬ್ಬಿ ಗಳಗಂಡವಾಗುತ್ತದೆ. ಹಿತವಾದ ಆಹಾರ ಮತ್ತು ಹಿತವಾದ ನಡವಳಿಕೆಯಿಂದ ಅದನ್ನು ಕಾಪಾಡಿಕೊಳ್ಳಬೇಕು ಎಂದು ಬರೆದಿದ್ದರು. ಓದಿ ಮುಗಿಸುವ ಹೊತ್ತಿಗೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದು ಹೋಗಿ ಅಪ್ಪನಿಗೆ ಹೇಳಿದೆ.

"ಥೈ... ರಾಯ?" ಅಪ್ಪ ಹುಬ್ಬು ಏರಿಸಿದರು. "ಯಾವ ರಾಯನಲೇ ಅವ? ನಮ್ಮ ಕ್ವಾಟಿ ಕಟ್ಟಿಸಿದ ರಾಯರ ಪೈಕಿ ಏನು?"

"ರಾಯ ಅಲ್ಲಪ್ಪ, ರಾಯ್ಡ್. ಕೊರಳಾಗ ಇರತೈತಿ. ಗ್ರಂಥಿ."

"ಯಾರ ಕೊರಳಾಗ?"

"ಎಲ್ಲಾರ ಕೊರಳಾಗೂ."

ಅಪ್ಪ ತಮ್ಮ ಕೊರಳನ್ನು ಮುಟ್ಟಿ ನೋಡಿಕೊಂಡರು. "ಇಷ್ಟು ವರ್ಷ ಇಲ್ಲೇ ಇತ್ತೇನು? ಒಂದು ದಿನಾನೂ ನನ್ನ ಮಾತಾಡ್ಸಿಲ್ಲ ನೋಡು!"

ಹಿರಿಯರು ಹೀಗೆ ಹಗುರಾಗಿ ತೆಗೆದುಕೊಂಡಾಗ ಮನೆಯ ಜವಾಬ್ದಾರಿ ಯಾರ ಮೇಲೆ ಬೀಳುತ್ತದೆ? ನನ್ನ ಮೇಲೆ. ನಾನು ಎಲ್ಲರ ಕೊರಳನ್ನೂ ಗಮನಿಸತೊಡಗಿದೆ. ನೀರು ನುಂಗುವಾಗ ಕೊರಳಿನ ಗಂಟು ಮೇಲೆ ಕೆಳಗೆ ಆಡುತ್ತದೆಯೋ ನೋಡಿರಿ ಎಂದು ಲೇಖನದಲ್ಲಿತ್ತು. ಅದೇ ಹೊತ್ತಿಗೆ ನನ್ನ ತಂಗಿ ನೀಲಮ್ಮ ಬಾವಿಯಿಂದ ಬಂದು, ಕೊಡ ಇಳಿಸಿ, ಚೆಂಬು ಎತ್ತಿ ಗಟಗಟ ಕುಡಿದಳು. ಕೊರಳಿನಲ್ಲಿ ಏನೋ ಒಂದು ಮೇಲೆ ಹೋಯಿತು, ಕೆಳಗೆ ಬಂತು!

"ಇನ್ನೊಂದು ಚೆಂಬು ಕುಡಿ," ಎಂದೆ.

"ಸಾಕಣ್ಣ."

"ಕುಡಿ ಅಂದ್ರ ಕುಡಿ."

ಕುಡಿದಳು. ಮತ್ತೆ ಮೇಲೆ, ಮತ್ತೆ ಕೆಳಗೆ! ಯಾರು ನೀರು ನುಂಗಿದರೂ ಗಂಟಲು ಮೇಲೇರಿ ಇಳಿಯುತ್ತದೆ ಎಂಬುದನ್ನು ನಾನು ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಬಹುದಿತ್ತು. ಮನೆಯಲ್ಲಿ ಕನ್ನಡಿಯೂ ಇತ್ತು. ಆದರೆ ನಾನು ಆಗ ದಿನಚರಿ ಬರೆಯುವುದರಲ್ಲಿದ್ದೆ.

ಬೇರೆ ಕಾಲವಾಗಿದ್ದರೆ ನಾನು ಇಷ್ಟು ಗಾಬರಿಯಾಗುತ್ತಿರಲಿಲ್ಲ. ಆಗ ನೀಲಮ್ಮನಿಗೆ ನಾಗಲದಿನ್ನೆಯ ಸಂಬಂಧ ಕುದುರಿತ್ತು. ಒಳ್ಳೆಯ ಜಮೀನುದಾರರ ಮನೆ, ತುಂಗಭದ್ರೆಯ ದಂಡೆ. ಹುಡುಗ ಬಂದು ನೋಡಿ ಒಪ್ಪಿದ್ದ. ಇವಳೂ ಒಪ್ಪಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. "ಅತ್ತಿಗಿ, ಆ ಊರಾಗ ನೀರಿಗೆ ಹಗ್ಗ ಸೇದಂಗಿಲ್ಲಂತಲ್ಲ, ಹೊಳಿಗೆ ಇಳಿದು ತುಂಬ್ಕೊಂಡು ಬರೋದಂತ, ಖರೇನ?" ಎಂದು ಗಂಗಮ್ಮನನ್ನು ದಿನಕ್ಕೊಮ್ಮೆ ಕೇಳುತ್ತಿದ್ದಳು. ಕೇಳುವಾಗ ಕಣ್ಣು ಹೊಳೆಯ ಮೇಲಿರಲಿಲ್ಲ, ಹುಡುಗನ ಮೇಲಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ಹುಡುಗನ ಅಜ್ಜಿ ಸಿದ್ದಮ್ಮ ಇನ್ನೂ ಹೆಣ್ಣನ್ನು ನೋಡಿರಲಿಲ್ಲ. ನಿಶ್ಚಯದ ದಿನವೇ ಬಂದು ನೋಡುವುದೆಂದು ಮಾತಾಗಿತ್ತು. ಆ ಮನೆಯಲ್ಲಿ ಅಜ್ಜಿಯ ಮಾತೇ ಕಡೆಯ ಮಾತು. ಅಂಥ ಮುದುಕಿಯ ಮುಂದೆ ಉಬ್ಬಿದ ಕೊರಳಿನ ಹೆಣ್ಣನ್ನು ಕೂರಿಸುವುದೇ?

ಮೊದಲು ಕೊರಳನ್ನು ಅಳೆಯಬೇಕು. ಅವ್ವ ನಮ್ಮೆಲ್ಲರ ಶಿವದಾರಕ್ಕೆಂದು ಕೈಯಿಂದ ನೂತಿಟ್ಟ ನೂಲಿನ ಉಂಡೆ ಗೂಡಿನಲ್ಲಿತ್ತು. ಲಿಂಗದ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ಅದಕ್ಕಿಂತ ಶ್ರೇಷ್ಠವಾದ ದಾರ ಯಾವುದು? ಉಂಡೆ ಎತ್ತಿಕೊಂಡೆ.

"ಯಾಕೋ ಬಸವಣ್ಣ, ಹೊಸ ಶಿವದಾರ ಬೇಕೇನು?" ಎಂದಳು ಅವ್ವ. "ಬೇಕಾದ್ರ ಒಂದು ಗೇಣು ಉದ್ದ ಬಿಟ್ಟು..."

"ಬೇರೆ ಕೆಲಸಕ್ಕ ಅವ್ವ," ಎಂದು ಅವಳ ಮಾತನ್ನು ಅಲ್ಲಿಗೇ ಕತ್ತರಿಸಿದೆ. ಆ ಮಾತನ್ನು ಪೂರ್ತಿ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನೂಲನ್ನು ತೊಡೆಯ ಮೇಲೆ ಹೊಸೆದು ಹೊಸೆದು ಬಿಗಿಯಾದ ಹುರಿ ಮಾಡಿದೆ. ನೀಲಮ್ಮನ ಕೊರಳಿಗೆ ಸುತ್ತಿ, ತುದಿಗೆ ತುದಿ ಸೇರುವಂತೆ ಕತ್ತರಿಸಿದೆ. ಇದು ಮೂಲ ಅಳತೆ. ಇನ್ನು ಪ್ರತಿ ಸೋಮವಾರ ಇದೇ ದಾರದಿಂದ ಅಳೆಯುವುದು. ಡಾಕ್ಟರರು ಸೂಜಿಯನ್ನು ಕುದಿಸಿಯೇ ಚುಚ್ಚುತ್ತಾರೆ ಎಂದು ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿತ್ತು. ಆದ್ದರಿಂದ ನಾನು ದಾರವನ್ನು ಕುದಿಸಿಯೇ ಅಳೆಯುವುದೆಂದು ತೀರ್ಮಾನಿಸಿದೆ.

ಮುಂದೆ ಒಂದು ಸೋಮವಾರ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಕುಣಿಯುತ್ತಿದ್ದ ದಾರವನ್ನು ಗಂಗಮ್ಮ ಬಗ್ಗಿ ನೋಡಿದಳು. "ಏನ್ರಿ, ದಾರ ಬೆಂದೈತಿ. ಒಗ್ಗರಣಿ ಹಾಕಲೇನು?"

ವಿಜ್ಞಾನದ ಹಾದಿಯಲ್ಲಿ ಹೆಂಡತಿಯ ಮಾತಿಗೆ ಕಿವಿ ಕೊಡಬಾರದು. ಕೊಡಲಿಲ್ಲ.

ಇನ್ನು ಆಹಾರ. ಹಾಲು, ಮೊಸರು, ಸೊಪ್ಪು ಹೆಚ್ಚು ಕೊಡಿರಿ. ಸಮುದ್ರದ ಉಪ್ಪನ್ನು ಬಳಸಿರಿ, ಅದರಲ್ಲಿ ಈ ಗ್ರಂಥಿಗೆ ಬೇಕಾದ ಸತ್ವ ಉಂಟು ಎಂದಿತ್ತು. ನಾನು ಅಂಗಡಿಗೆ ಓಡಿದೆ. "ಇದು ಸಮುದ್ರದ ಉಪ್ಪೇನು?" ಎಂದು ಶೆಟ್ಟರನ್ನು ಗಂಭೀರವಾಗಿ ಕೇಳಿದೆ.

ಶೆಟ್ಟರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸಮುದ್ರಂದಿ ಕಾಕ, ಆಕಾಶಂ ನುಂಚಿ ವಸ್ತುಂದಾ ಸಾಮಿ? ಉಪ್ಪು ಆಕಾಶದಿಂದ ಉದುರತೈತೇನ್ರಿ? ಮದ್ರಾಸ್ ಕಡಿಂದ ರೈಲಿನಾಗ ಬರತೈತ್ರಿ. ನಿಮ್ಮ ತಾತ ತಿಂದದ್ದೂ ಇದೇ, ನೀವು ತಿನ್ನೋದೂ ಇದೇ."

ಅಂದರೆ ಈಗಾಗಲೇ ತಿನ್ನುತ್ತಿದ್ದೇವೆ. ಆದರೂ ಕೊರಳು ಉಬ್ಬಿದೆ. ಹಾಗಾದರೆ ಪ್ರಮಾಣ ಸಾಲದು! ನೀಲಮ್ಮನ ತಟ್ಟೆಗೆ ನಾನೇ ನಿಂತು ಉಪ್ಪು ಉದುರಿಸತೊಡಗಿದೆ. ಉಪ್ಪು ಹೆಚ್ಚಾದಂತೆ ಅವಳಿಗೆ ಬಾಯಾರಿಕೆ ಹೆಚ್ಚಿತು. ಬಾಯಾರಿಕೆ ಹೆಚ್ಚಾದಂತೆ ಚೆಂಬಿನ ಮೇಲೆ ಚೆಂಬು ನೀರು. ಪ್ರತಿ ಗುಟುಕಿಗೂ ಗಂಟು ಮೇಲೆ, ಗಂಟು ಕೆಳಗೆ. ನನ್ನ ದಿನಚರಿಯಲ್ಲಿ ಬರೆದೆ: "ಚಲನೆ ಅಧಿಕವಾಗಿದೆ."

ವರ್ಜ್ಯ ಪದಾರ್ಥಗಳ ಸಾಲಿನಲ್ಲಿ ಎರಡು ಪದಗಳಿದ್ದವು: ಗೆಡ್ಡೆ, ಕೋಸು. ಲೇಖಕರು ಬೆಂಗಳೂರಿನ ಕಡೆಯವರಿರಬೇಕು. ಅವರು ಹೇಳಿದ್ದು ಗೆಡ್ಡೆಕೋಸು ಮತ್ತು ಎಲೆಕೋಸು ಎಂಬ ಎರಡು ತರಕಾರಿಗಳ ವಿಷಯ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಆದವಾನಿಯ ಸಂತೆಗೆ ಅವೆರಡೂ ಬಂದದ್ದನ್ನು ನಾನು ಕಂಡಿರಲಿಲ್ಲ. ನಮ್ಮಲ್ಲಿ ಗಡ್ಡಿ ಎಂದರೆ ಉಳ್ಳಾಗಡ್ಡಿ. ಈರುಳ್ಳಿ! ಅದನ್ನು ಕೂಡಲೇ ನಿಷೇಧಿಸಿದೆ. ಬಿಸಿ ಜೋಳದ ರೊಟ್ಟಿ, ಮೇಲೆ ಖಾರದ ಪುಡಿ, ಪಕ್ಕದಲ್ಲಿ ಉಳ್ಳಾಗಡ್ಡಿ ಇಲ್ಲ ಎಂದರೆ ನಮ್ಮ ಕಡೆ ಅದನ್ನು ಊಟ ಎನ್ನುವುದಿಲ್ಲ.

ಕೋಸು ಏನೆಂದು ಮಾತ್ರ ಹೊಳೆಯಲಿಲ್ಲ. ಅಪ್ಪನನ್ನೇ ಕೇಳಿದೆ.

"ಕೋಸು ಗೊತ್ತಿಲ್ಲೇನಲೇ? ದಾರಿ ಲೆಕ್ಕ. ಎರಡು ಮೈಲಿಗೆ ಒಂದು ಕೋಸು. ಮಾಧವರಂ ಎಷ್ಟು ಕೋಸು ಅಂತ ಗಾಡಿ ಸಾಬರು ಕೇಳೋದಿಲ್ಲೇನು?"

"ಹಂಗಾದ್ರ ಕೋಸು ವರ್ಜ್ಯ ಅಂದ್ರ?"

"ನಡೀಬ್ಯಾಡ ಅಂತ," ಎಂದರು ಅಪ್ಪ, ನಿಸ್ಸಂಶಯವಾಗಿ.

ಆಹಾರದ ಸಾಲಿನಲ್ಲಿ ನಡಿಗೆ ಏಕೆ ಬಂತು ಎಂದು ಒಂದು ಕ್ಷಣ ಅನುಮಾನವಾಯಿತು. ಆದರೆ ಲೇಖನದಲ್ಲಿ ಹಿತವಾದ ನಡವಳಿಕೆ ಎಂದೂ ಇತ್ತಲ್ಲ! ಸಿಹಿನೀರಿನ ಬಾವಿ ಊರ ಹೊರಗೆ. ಹೋಗಿ ಬರುವುದು ಕೋಸಿನ ಲೆಕ್ಕಕ್ಕೆ ಬಂದೇ ಬರುತ್ತದೆ. ನೀಲಮ್ಮ ಇನ್ನು ನೀರಿಗೆ ಹೋಗಕೂಡದು ಎಂದು ಆಜ್ಞೆ ಹೊರಡಿಸಿದೆ.

"ಭೇಷಾತು," ಎಂದಳು ಗಂಗಮ್ಮ. "ನೀರು ಯಾರು ತರೋರು? ನಿಮ್ಮ ಮಾಸಪತ್ರಿಕಿಯವರೇನು?"

ಮರುದಿನದಿಂದ ಕೊಡ ನನ್ನ ಹೆಗಲೇರಿತು. ಬಾವಿಯ ಹತ್ತಿರ ಹೆಂಗಸರೆಲ್ಲ ದಾರಿ ಬಿಟ್ಟು ನಿಂತರು. "ಏನ್ರಿ ಗುಮಾಸ್ತ್ರೇ, ಜಿನ್ನಿನಾಗ ಕೆಲಸ ಹೋತೇನ್ರಿ?" ಎಂದಳು ಒಬ್ಬಳು. ಇನ್ನೊಬ್ಬಳು ತೆಲುಗಿನಲ್ಲಿ ಏನೋ ಅಂದಳು. ಅದು ನನಗೆ ಅರ್ಥವಾಯಿತು, ಇಲ್ಲಿ ಬರೆಯುವುದಿಲ್ಲ.

ಮೊದಲ ಸೋಮವಾರ. ದಾರ ಕುದಿಸಿದೆ, ಒಣಗಿಸಿದೆ, ನೀಲಮ್ಮನ ಕೊರಳಿಗೆ ಸುತ್ತಿದೆ. ತುದಿಗೆ ತುದಿ ಸೇರಲಿಲ್ಲ! ಕೊರಳು ಬೆಳೆದಿದೆ!

ಎರಡನೆಯ ಸೋಮವಾರ ಇನ್ನಷ್ಟು ಸಂದು. ಉಪ್ಪು ಹೆಚ್ಚಿಸಿದೆ. ಕೆನೆ ಮೊಸರಿನ ಬಟ್ಟಲು ದೊಡ್ಡದು ಮಾಡಿದೆ. ಅವಳಿಗೆ ಕೆನೆ ಕಂಡರಾಗದು. ಅರ್ಧ ತಿಂದು ಸರಿಸುತ್ತಿದ್ದಳು. ಅನ್ನದೇವರನ್ನು ಎಸೆಯಬಾರದೆಂದು ಉಳಿದದ್ದನ್ನು ನಾನೇ ಮುಗಿಸುತ್ತಿದ್ದೆ. ಅವಳ ಪಾಲಿನ ಉಳ್ಳಾಗಡ್ಡಿ ಚಟ್ನಿಯೂ ನನಗೇ ಬರುತ್ತಿತ್ತು.

ಮೂರನೆಯ ಸೋಮವಾರದ ಅಳತೆಯಲ್ಲಿ ದಾರದ ಎರಡು ತುದಿಗಳ ನಡುವೆ ನನ್ನ ಎರಡು ಬೆರಳು ಹಿಡಿಸಿದವು. ದಿನಚರಿಯಲ್ಲಿ ಬರೆದೆ: "ಕೊರಳು: ಮುಂದುವರಿಯುತ್ತಿದೆ. ಸ್ವಭಾವ: ಸಿಡುಕು." ಈ ಸಿಡುಕು ಗ್ರಂಥಿಯ ಲಕ್ಷಣ ಎಂದು ಪತ್ರಿಕೆಯಲ್ಲಿತ್ತು. ಉಳ್ಳಾಗಡ್ಡಿಯಿಲ್ಲದೆ ಉಪ್ಪುಪ್ಪಾದ ರೊಟ್ಟಿ ತಿನ್ನುವವರ ಲಕ್ಷಣವೂ ಅದೇ ಇರಬಹುದೆಂದು ಹೊಳೆಯಲಿಲ್ಲ.

"ಅಣ್ಣ," ಎಂದಳು ನೀಲಮ್ಮ, ಕೊರಳಿಗೆ ದಾರ ಸುತ್ತಿಸಿಕೊಂಡು ಕೂತಲ್ಲೇ. "ನನಗ ಏನಾದ್ರೂ ದೊಡ್ಡ ಜಡ್ಡು ಐತೇನು? ಇದ್ರ ಹೇಳಿಬಿಡು. ಆ ಮನಿಯವರಿಗೆ ಮೊದಲೇ ತಿಳಿಸಿದ್ರ ಛಲೋ."

ಅವಳ ಧ್ವನಿ ಸಣ್ಣಗಾಗಿತ್ತು. "ಏನೂ ಇಲ್ಲ, ಸುಮ್ಮನೆ ನೋಡ್ತೀನಿ," ಎಂದೆ. ನಾಲ್ಕು ದಿನ ನಾನು ಸರಿಯಾಗಿ ಕೂರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದೆ.

ಅಷ್ಟರಲ್ಲಿ ನಾಗಲದಿನ್ನೆಯಿಂದ ಆಳು ಬಂದ. ನಿಶ್ಚಯದ ದಿನ ಹೆಣ್ಣಿಗೆ ಚಿನ್ನದ ಟೀಕಿ ಹಾಕುವುದು ಆ ಮನೆಯ ಪದ್ಧತಿ. ಕೊರಳಿಗೆ ಅಂಟಿಕೊಂಡು ಕೂರುವ ಆಭರಣ ಅದು. ಬೇರೆಯವರದಕ್ಕೆ ಹಿಂದೆ ರೇಷ್ಮೆ ದಾರ ಇರುತ್ತದೆ, ಎಳೆದು ಕಟ್ಟಿಕೊಳ್ಳಬಹುದು. ಇವರದಕ್ಕೆ ಚಿನ್ನದ ಕೊಕ್ಕೆ. ಆದ್ದರಿಂದ ಅದನ್ನು ಮಾಡುವ ಪತ್ತಾರನಿಗೆ ಹುಡುಗಿಯ ಕೊರಳಿನ ಅಳತೆಯ ದಾರ ಬೇಕು!

ಅವ್ವ ಹೊಸ ನೂಲು ಹಿಡಿದು ಎದ್ದಳು. ನಾನು ತಡೆದೆ. ಆ ಗಳಿಗೆಯಲ್ಲಿ ನಾನು ಮಾಡಿದ ಆಲೋಚನೆ ನನ್ನ ಬುದ್ಧಿಗೆ ಸಾಕ್ಷಿ. ಈಗಿನ ಅಳತೆ ಕೊಟ್ಟರೆ ಕೊರಳು ದಪ್ಪವೆಂದು ಪತ್ತಾರನಿಗೆ ತಿಳಿಯುತ್ತದೆ, ಅವನಿಂದ ಅಜ್ಜಿಗೆ. ನನ್ನ ಪಥ್ಯ ಇನ್ನು ಸ್ವಲ್ಪ ದಿನ ನಡೆದರೆ ಕೊರಳು ಮೊದಲಿನ ಗಾತ್ರಕ್ಕೆ ಬಂದೇ ಬರುತ್ತದೆ. ಆದ್ದರಿಂದ ಮೂಲ ಅಳತೆಯನ್ನೇ ಕೊಡಬೇಕು. ಮೂಲ ಅಳತೆಯ ದಾರ ನನ್ನ ಪೆಟ್ಟಿಗೆಯಲ್ಲಿ ಶುದ್ಧವಾಗಿ, ಮೂರು ಸಲ ಕುದಿದು ಮಲಗಿತ್ತು. ಕಾಗದದಲ್ಲಿ ಸುತ್ತಿ, ಮೇಲೆ ತಂಗಿಯ ಹೆಸರು ಬರೆದು, ಆಳಿನ ಕೈಗೆ ಕೊಟ್ಟೆ.

"ತಾಜಾ ಅಳತಿ ತಗೊಂಡಿದ್ರ ಆಗಿತ್ತು," ಎಂದಳು ಅವ್ವ.

"ಇದು ಶಾಸ್ತ್ರೋಕ್ತ ಅಳತಿ," ಎಂದೆ.

ಇನ್ನು ಕೊರಳು ಆ ದಾರಕ್ಕೆ ಇಳಿಯಬೇಕು. ಇಳಿಯಲೇಬೇಕು! ನೀಲಮ್ಮನ ಹಾಲು ಹೆಚ್ಚಿತು, ಸೊಪ್ಪು ಹೆಚ್ಚಿತು, ಉಪ್ಪು ಹೆಚ್ಚಿತು. ದಾರ ಹೋದದ್ದರಿಂದ ಅಳೆಯುವುದಕ್ಕೂ ಏನೂ ಇರಲಿಲ್ಲ; ಬರೀ ಕಣ್ಣಿನಿಂದ ಅಳೆಯುತ್ತಿದ್ದೆ. ಒಮ್ಮೆ ಸಣ್ಣಗೆ ಕಾಣುತ್ತಿತ್ತು. ಗಂಗಮ್ಮ ದೀಪ ಹಚ್ಚಿದರೆ ದಪ್ಪಗೆ ಕಾಣುತ್ತಿತ್ತು.

ನಿಶ್ಚಯದ ದಿನ ನಾಗಲದಿನ್ನೆಯವರು ಎರಡು ಗಾಡಿ ಕಟ್ಟಿಕೊಂಡು ಬಂದರು. ಸಿದ್ದಮ್ಮಜ್ಜಿ ಗಾಡಿಯಿಂದ ಯಾರ ಕೈಯನ್ನೂ ಹಿಡಿಯದೆ ಇಳಿದರು. ಹಣೆತುಂಬ ವಿಭೂತಿ, ಎದುರಿನವರನ್ನು ತೂಗಿ ನೋಡುವ ಕಣ್ಣು. ನೀಲಮ್ಮನಿಗೆ ಉಡಿ ತುಂಬಿದರು. ಗಲ್ಲ ಹಿಡಿದು ಮುಖ ನೋಡಿ ತಲೆದೂಗಿದರು. ಆಮೇಲೆ ಕೆಂಪು ವಸ್ತ್ರ ಬಿಚ್ಚಿ ಟೀಕಿ ತೆಗೆದು ಕೊರಳಿಗೆ ಇಟ್ಟು, ಹಿಂದೆ ಕೊಕ್ಕೆ ಹಾಕಹೋದರು.

ಕೊಕ್ಕೆ ಬೀಳಲಿಲ್ಲ.

ಎಳೆದರು. ನೀಲಮ್ಮ ಉಸಿರು ಬಿಗಿಹಿಡಿದಳು. ಬೀಳಲಿಲ್ಲ. ಸರಿಯಾಗಿ ಎರಡು ಬೆರಳು ಕಡಿಮೆ! ಅವರ ಕಡೆಯ ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ, ನಮಗೆಲ್ಲ ಕೇಳುವಷ್ಟು ಮೆಲ್ಲಗೆ, "ಕೊರಳು ಬಾತೈತೇನ?" ಎಂದಳು. ನೀಲಮ್ಮನ ಕಣ್ಣಿನಲ್ಲಿ ನೀರು ತುಂಬಿತು.

ಅಜ್ಜಿ ನಮ್ಮ ಕಡೆ ತಿರುಗಿದರು. "ನಮ್ಮ ಪತ್ತಾರ ದಾರದ ಅಳತಿ ತಪ್ಪೋನಲ್ಲ. ಯಾರು ತಗೊಂಡಾರ ಈ ಅಳತಿ? ಕಣ್ಣು ಕಾಣತಾವೋ ಇಲ್ಲೋ ಅವರಿಗೆ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು, ಹೌದು, ಕಣ್ಣು ಕಾಣುವುದಿಲ್ಲ ಎಂದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ತಂಗಿಯ ಮದುವೆಗಿಂತ ನನ್ನ ಅಳತೆಯ ಮಾನವೇ ದೊಡ್ಡದಾಗಿ ಕಂಡಿತು. ಎದ್ದು ನಿಂತೆ.

"ನಾನು ತಗೊಂಡೇನಿ, ಅಮ್ಮಾ. ಅಳತಿ ತಪ್ಪಿಲ್ಲ. ಅದು ಕೂದಲೆಳಿಯಷ್ಟೂ ತಪ್ಪೋ ಅಳತಿ ಅಲ್ಲ."

"ಹಂಗಾದ್ರ ಹುಡುಗಿ ಕೊರಳು ತಪ್ಪಿತೇನು?"

ಅವ್ವ ನನ್ನ ಧೋತರದ ಅಂಚನ್ನು ಹಿಡಿದು ಜಗ್ಗಿದಳು. ನಾನು ನಿಲ್ಲಲಿಲ್ಲ. "ಶಿವದಾರದ ನೂಲು ತಗೊಂಡು ಬಿಗಿಯಾಗಿ ಹುರಿ ಮಾಡೀನಿ. ಅಳತಿಗೆ ಕತ್ತರಿಸೀನಿ. ಆಮ್ಯಾಲೆ ಪ್ರತಿ ಸೋಮವಾರ ನೀರಾಗ ಹಾಕಿ ಚೊಲೋತ್ನಾಗಿ ಕುದಿಸೀನಿ! ಆ ದಾರದಾಗ ದೋಷ ಇರೋಕೆ ಸಾಧ್ಯಾನೇ ಇಲ್ಲ!"

ಅಜ್ಜಿ ಕೈಯಲ್ಲಿದ್ದ ಟೀಕಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಏನಂದಿ ತಮ್ಮಾ? ಕುದಿಸಿದಿ?"

"ಕುದಿಸೀನಿ."

"ಹೊಸ ನೂಲಿನ ಹುರಿ?"

"ಹೌದ್ರಿ."

"ನಿನ್ನ ಕೊರಳಾಗ ಏನೈತಿ?"

ನನ್ನ ಕೈ ತಾನಾಗಿ ಎದೆಗೆ ಹೋಯಿತು. "ಲಿಂಗ ಐತ್ರಿ. ಶಿವದಾರ..."

"ಹೊಸ ಶಿವದಾರ ಹಾಕ್ಕೊಂಡಾಗ ನಿಮ್ಮವ್ವ ಯಾಕ ಒಂದು ಗೇಣು ಉದ್ದ ಬಿಟ್ಟು ಕಟ್ಟತಾಳ?"

ನಾನು ಅವ್ವನ ಕಡೆ ನೋಡಿದೆ. ಅವ್ವ ಸೂರು ನೋಡುತ್ತಿದ್ದಳು. ಉತ್ತರ ನಮ್ಮ ಓಣಿಯ ಚಿಕ್ಕ ಹುಡುಗರಿಗೂ ಗೊತ್ತು. ನಾಲ್ಕು ಸಲ ಸ್ನಾನ ಮಾಡಿದರೆ ಹೊಸ ದಾರ ಸೇದಿಕೊಳ್ಳುತ್ತದೆ. ಉದ್ದ ಬಿಡದಿದ್ದರೆ ಕೊರಳು ಹಿಡಿಯುತ್ತದೆ. ಹುಟ್ಟಿದಾಗಿನಿಂದ ಹತ್ತಿಯ ಊರಿನಲ್ಲಿ ಇದ್ದವನು, ಹತ್ತಿ ದಲಾಲಿಯ ಮಗ, ಹತ್ತಿ ಜಿನ್ನಿನ ಗುಮಾಸ್ತ, ಕೊರಳಿಗೆ ಹತ್ತಿಯ ದಾರವನ್ನೇ ಕಟ್ಟಿಕೊಂಡವನು! ಬೆಳೆದದ್ದು ಕೊರಳಲ್ಲ, ಕುಗ್ಗಿದ್ದು ದಾರ.

ಆದರೂ ಅಜ್ಜಿ ಬಾಯಿಮಾತಿಗೆ ಒಪ್ಪುವವರಲ್ಲ. "ಅಂದಾಜು ಮಾಡಿ ಮಾತಾಡಬಾರದು. ನೂಲು ತರ್ರಿ. ಒಲಿ ಹಚ್ರಿ. ನೋಡೇ ಬಿಡೂಣು," ಎಂದರು. ಸ್ವತಃ ಹುರಿ ಹೊಸೆದು, ನೀಲಮ್ಮನ ಕೊರಳಿಗೆ ಸರಿಯಾಗಿ ಕತ್ತರಿಸಿ, ಪಾತ್ರೆಗೆ ಹಾಕಿದರು. ಎರಡೂ ಮನೆಯ ಹಿರಿಯರು ವೀಳ್ಯದ ತಟ್ಟೆ ಬಿಟ್ಟು ಎದ್ದು ಬಂದು ಒಲೆಯ ಸುತ್ತ ನಿಂತರು. ಒಂದು ನಿಶ್ಚಯ ಕಾರ್ಯದಲ್ಲಿ ಇಷ್ಟು ಜನ ಗಣ್ಯರು ಒಂದು ದಾರ ಬೇಯುವುದನ್ನು ಇಷ್ಟು ಶ್ರದ್ಧೆಯಿಂದ ನೋಡಿದ್ದು ಆದವಾನಿಯಲ್ಲಿ ಅದೇ ಮೊದಲಿರಬೇಕು. ಕುದಿಸಿದ ದಾರವನ್ನು ಮಾಳಿಗೆಯ ಮೇಲೆ ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿದರು. ಮತ್ತೆ ಕುದಿಸಿದರು, ಮತ್ತೆ ಒಣಗಿಸಿದರು. ಮೂರನೆಯ ಸಲವೂ ಆಯಿತು. ನಾನು ಮಾಳಿಗೆಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದೆನೋ, ಆ ಒಂದು ಲೆಕ್ಕ ಮಾತ್ರ ನನ್ನ ದಿನಚರಿಯಲ್ಲಿಲ್ಲ.

ಕೊನೆಗೆ ಅಜ್ಜಿ ದಾರವನ್ನು ನೀಲಮ್ಮನ ಕೊರಳಿಗೆ ಸುತ್ತಿದರು. ಎರಡು ತುದಿಗಳ ನಡುವೆ ಸಂದು ಬಿತ್ತು. ಅದರಲ್ಲಿ ಅಜ್ಜಿಯ ಎರಡು ಬೆರಳು ಹಿಡಿಸಿದವು. ಪಕ್ಕದಲ್ಲಿ ಟೀಕಿ ಹಿಡಿದು ನೋಡಿದರು. ದಾರವೂ ಟೀಕಿಯೂ ಒಂದೇ ಉದ್ದ.

"ಹುಡುಗಿ ಕೊರಳು ಬಂಗಾರದಂಗ ಐತಿ," ಎಂದು ಅಜ್ಜಿ ಸಾರಿದರು. "ಅಣ್ಣನ ತಲೀನ ಮಾತ್ರ ಯಾರೋ ಕುದಿಸ್ಯಾರ!"

ನಗು ಮಾಳಿಗೆಗೆ ಮುಟ್ಟಿತು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಕೋಸಿನ ಅರ್ಥ ಹೇಳಿದವರು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲ. ನಗುತ್ತಲೇ ಗಂಗಮ್ಮ ಉಪ್ಪಿನ ಕಥೆ, ಉಳ್ಳಾಗಡ್ಡಿಯ ಕಥೆ, ಕೊಡದ ಕಥೆ ಎಲ್ಲವನ್ನೂ ನಾಗಲದಿನ್ನೆಯ ಹೆಂಗಸರಿಗೆ ಒಂದೂ ಬಿಡದೆ ಒಪ್ಪಿಸಿದಳು.

ಅಜ್ಜಿಗೆ ತಮ್ಮ ಮನೆಯ ಸೊಸೆಯಾಗುವವಳ ಮೇಲೆ ಅಕ್ಕರೆ ಉಕ್ಕಿತು. "ಅಲ್ಲವ್ವ, ಇಷ್ಟು ದಿನ ಉಳ್ಳಾಗಡ್ಡಿ ಇಲ್ದ ರೊಟ್ಟಿ ತಿಂದಿ, ಅಣ್ಣಗ ಒಂದು ಮಾತೂ ಎದುರು ಆಡಲಿಲ್ಲ? ಎಂಥ ತಾಳ್ಮಿ ನಿಂದು!"

ನೀಲಮ್ಮ ಕಣ್ಣು ಒರೆಸಿಕೊಂಡು ತಲೆ ತಗ್ಗಿಸಿದಳು. "ತಾಳ್ಮಿ ಅಲ್ಲ ಅಮ್ಮಾ. ಅಣ್ಣ ನೀರಿಗೆ ಹೋದಾಗ ನಾನೂ ಅತ್ತಿಗಿನೂ ಅಡಿಗಿ ಮನ್ಯಾಗ ಕೂತು ತಿಂತಿದ್ವಿ."

ಟೀಕಿ ಪತ್ತಾರನ ಹತ್ತಿರ ಮರಳಿ ಹೋಯಿತು. ಕೊಕ್ಕೆಯ ಪಕ್ಕ ನಾಲ್ಕು ಚಿನ್ನದ ಗುಂಡು ಸೇರಿಸಿ ಸರಿಮಾಡಿದ. ಆ ಗುಂಡುಗಳಿಗೆ ಎರಡೂ ಮನೆಯಲ್ಲಿ ಈಗ ಒಂದು ಹೆಸರಿದೆ. ಅವು ಬಸವಣ್ಣನ ಗುಂಡು. ನನ್ನ ವಂಶದಲ್ಲಿ ಚಿನ್ನಕ್ಕೆ ಬಿದ್ದ ಹೆಸರು ನನ್ನದೊಂದೇ.

ಮದುವೆಯ ದಿನ ಬೆಳಿಗ್ಗೆ ನಾನು ಹೊಸ ಮುಚ್ಚುಕಾಲರಿನ ಕೋಟು ಹಾಕಿಕೊಂಡೆ. ನಿಶ್ಚಯಕ್ಕೆ ಬಹಳ ಮೊದಲೇ ಹೊಲಿಸಿದ್ದು. ತೋಳು ಸರಿಯಾಗಿತ್ತು, ಎದೆ ಸರಿಯಾಗಿತ್ತು. ಕಾಲರಿನ ಗುಂಡಿ ಬೀಳಲಿಲ್ಲ. ಗಂಗಮ್ಮ ಎಳೆದಳು, ನಾನು ಉಸಿರು ಬಿಗಿಹಿಡಿದೆ. ಆದರೂ ಬೀಳಲಿಲ್ಲ.

"ಕೋಟು ಕುಗ್ಗೈತಿ," ಎಂದೆ. "ದರ್ಜಿ ಬಟ್ಟಿ ತೋಯಿಸದೆ ಹೊಲ್ದಾನ."

"ಅದನ್ನಿನ್ನೂ ಒಂದು ಸಲಾನೂ ತೋಯಿಸಿಲ್ಲ, ಕುಗ್ಗೋದು ಹೆಂಗ?" ಎಂದಳು ಗಂಗಮ್ಮ. "ತಂಗಿ ಪಾಲಿನ ಕೆನಿ ಮೊಸರು ಎಲ್ಲಿ ಹೋತಂತ ಅನ್ಕೊಂಡೀರಿ?"

ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದ ನೀಲಮ್ಮ ಅಲ್ಲಿಂದಲೇ ಕೊರಳು ಚಾಚಿ ನೋಡಿದಳು. ಆ ಕೊರಳಿನಲ್ಲಿ ಟೀಕಿ ಸರಿಯಾಗಿ ಕೂತು ಹೊಳೆಯುತ್ತಿತ್ತು.

"ಅತ್ತಿಗಿ, ಅಣ್ಣಗ ಒಂದು ಚೆಂಬು ನೀರು ಕುಡಿಸಿ ನೋಡು," ಎಂದಳು. "ಗಂಟು ಮ್ಯಾಲೆ ಹೋಗತೈತೇನು?"

ಅಂದಿನ ದಿನಚರಿಯಲ್ಲಿ ಬರೆದೆ: "ಮುಹೂರ್ತ: ಸುಸೂತ್ರ. ಊಟ: ಉತ್ತಮ. ಕೊರಳು: ದಪ್ಪಗಾಗಿದೆ." ಯಾರದು ಎಂದು ಬರೆಯುವ ಅಗತ್ಯ ಕಾಣಲಿಲ್ಲ.